ಮುಳ್ಳೂರಿನ ಹೆಂಗಸರ ಸೀರಂ

ಮೇಡಂ ಮೊದಲ ಸಲ ನಮ್ಮ ಮನೆಗೆ ಬಂದ ದಿನ ಮಗ್ಗದ ಗುಂಡಿಯಿಂದ ಎದ್ದ ಅಪ್ಪ ಅವರೆದುರು ಕೂರುವುದಕ್ಕೇ ಒಪ್ಪಲಿಲ್ಲ. ನನ್ನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಹೇಳುವ ಹೆಂಗಸು ತಾವಾಗಿ ಬಸ್ಸು ಹತ್ತಿ ಕೊಳ್ಳೇಗಾಲಕ್ಕೆ ಬಂದು, ನೇಕಾರರ ಬೀದಿಯಲ್ಲಿ ಮನೆ ಕೇಳಿಕೊಂಡು ಬಂದಿದ್ದರು. ಅಮ್ಮ ಮಾಡಿಕೊಟ್ಟ ಉಪ್ಪಿಟ್ಟನ್ನು ಚಾಪೆಯ ಮೇಲೆ ಕೂತು ಚೂರೂ ಬಿಡದೆ ತಿಂದರು. ಆಮೇಲೆ ಅಪ್ಪನ ಕಡೆ ತಿರುಗಿ, "ಇವಳ ಓದನ್ನು ಬಿ.ಎಸ್ಸಿ.ಗೇ ನಿಲ್ಲಿಸಬೇಡಿ. ನನಗೆ ಬಿಟ್ಟುಕೊಡಿ, ನಾನು ಮುಂದಕ್ಕೆ ಓದಿಸುತ್ತೇನೆ," ಅಂದರು.

ಅಪ್ಪ ಟವೆಲ್ಲನ್ನು ಹೆಗಲಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡು, "ನೀವು ಬಂದು ಕೇಳಿದ್ಮ್ಯಾಲೆ ನಾನೇನ್ ಹೇಳ್ಲಿ ತಾಯಿ. ನಿಮ್ಮ ಮಗಳು ಅನ್ಕಳಿ," ಅಂದರು.

ಐವತ್ತಾರರಲ್ಲಿ ಕೊಳ್ಳೇಗಾಲ ಮದರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದಾಗ ನಾನಿನ್ನೂ ಸ್ಕೂಲಿನಲ್ಲಿದ್ದೆ. ಮನೆಯಲ್ಲಿ ಕನ್ನಡ, ನೂಲಿನ ವ್ಯಾಪಾರದವರು ಬಂದರೆ ತಮಿಳು. ನಮ್ಮ ಬೀದಿಯಲ್ಲಿ ಹೆಣ್ಣುಮಕ್ಕಳು ಹೈಸ್ಕೂಲು ದಾಟಿದ್ದೇ ಅಪರೂಪ. ನಾನು ಎಂ.ಎಸ್ಸಿ. ಮಾಡಿದೆನೆಂದರೆ ಅದು ಮೇಡಂ ಇಟ್ಟ ಹೆಜ್ಜೆಯಿಂದ. ಅವರಿಗೆ ಮದುವೆಯಾಗಿರಲಿಲ್ಲ. ಬಿಳಿಯ ಹತ್ತಿ ಸೀರೆ, ಕೈಗೆ ಗಂಡಸರ ಗಡಿಯಾರ. ನನಗೆ ಜ್ವರ ಬಂದಾಗ ಹಾಸ್ಟೆಲಿನಿಂದ ತಮ್ಮ ಮನೆಗೆ ಕರೆದೊಯ್ದು ಗಂಜಿ ಮಾಡಿ ಕುಡಿಸಿದ್ದರು. ಅವರ ಹಾಗೇ ನಡೆಯಬೇಕು, ಅವರ ಹಾಗೇ ಪೆನ್ನು ಹಿಡಿಯಬೇಕು ಎಂದು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದವಳು ನಾನು.

ಎಪ್ಪತ್ತರ ಹೊತ್ತಿಗೆ ಮೇಡಂ ಕಾಲೇಜು ಬಿಟ್ಟು ದೊಡ್ಡ ಊರಿನ ಒಂದು ಪ್ರಯೋಗಾಲಯದ ಮುಖ್ಯಸ್ಥೆಯಾಗಿದ್ದರು. ನಾನು ಅಲ್ಲಿಲ್ಲಿ ಸಣ್ಣಪುಟ್ಟ ಕೆಲಸ ಮಾಡಿ ಊರಿಗೆ ವಾಪಸು ಬಂದಿದ್ದೆ. ಒಂದು ಬೆಳಿಗ್ಗೆ ಅವರ ಕಾರು ನಮ್ಮ ಬೀದಿಗೆ ಬಂತು.

"ನಿನ್ನ ಊರಲ್ಲೇ ನಿನಗೊಂದು ಲ್ಯಾಬು ಮಾಡಿಕೊಡ್ತೀನಿ. ಬರ್ತೀಯಾ?" ಅಂದರು. ಏನು, ಎತ್ತ ಎಂದು ಕೇಳುವ ಮೊದಲೇ ನಾನು ಹೂಂ ಅಂದಿದ್ದೆ.

ಕೆಲಸ ಇಷ್ಟು. ನಮ್ಮ ರಕ್ತವನ್ನು ಹೆಪ್ಪುಗಟ್ಟಲು ಬಿಟ್ಟರೆ ಮೇಲೆ ತಿಳಿಯಾದ ಹಳದಿ ನೀರು ನಿಲ್ಲುತ್ತದೆ, ಅದೇ ಸೀರಂ. ಅದರಲ್ಲಿ ಕಬ್ಬಿಣವನ್ನು ಹೊತ್ತು ತಿರುಗುವ ಒಂದು ಪ್ರೋಟೀನು ಇರುತ್ತದೆ. ಅದು ಒಟ್ಟು ಎಷ್ಟು ಕಬ್ಬಿಣ ಹೊರಬಲ್ಲದು ಎಂಬುದೇ ಸೀರಂನ ಕಬ್ಬಿಣ ಹಿಡಿಯುವ ಶಕ್ತಿ. ಮೈಯಲ್ಲಿ ಕಬ್ಬಿಣ ಕಡಿಮೆಯಾದಷ್ಟೂ ಹೊರುವವರು ಹೆಚ್ಚಾಗುತ್ತಾರೆ. ಹಾಗಾಗಿ ಬಿಳಿಚಿಕೊಂಡ ಹೆಂಗಸಿನ ಸೀರಂನಲ್ಲಿ ಈ ಶಕ್ತಿ ಜಾಸ್ತಿ. ಇದನ್ನು ಅಳೆದರೆ ರಕ್ತಹೀನತೆ ಕಬ್ಬಿಣದ ಕೊರತೆಯಿಂದ ಬಂದದ್ದೋ ಬೇರೆ ಕಾರಣದಿಂದಲೋ ಗೊತ್ತಾಗುತ್ತದೆ. ತೊಂದರೆಯೆಂದರೆ, ಒಂದೇ ಸೀರಂ ಅನ್ನು ಬೇರೆ ಬೇರೆ ಲ್ಯಾಬಿಗೆ ಕೊಟ್ಟರೆ ಬೇರೆ ಬೇರೆ ಉತ್ತರ ಬರುತ್ತಿತ್ತು. ಎಲ್ಲಿ, ಯಾರು ಅಳೆದರೂ ಒಂದೇ ಉತ್ತರ ಬರುವಂಥ ಒಂದು ವಿಧಾನವನ್ನು ರೂಪಿಸಬೇಕೆಂಬುದು ಮೇಡಂ ಹಟ. ದೊಡ್ಡ ಲ್ಯಾಬಿನಲ್ಲಿ ಎಲ್ಲ ಅನುಕೂಲವೂ ಇದೆ. ನಮ್ಮಂಥ ಸಣ್ಣ ಊರಿನಲ್ಲೂ ಅದೇ ಉತ್ತರ ಬಂದರೆ ಮಾತ್ರ ವಿಧಾನ ಗೆದ್ದಂತೆ ಎನ್ನುತ್ತಿದ್ದರು.

ಬಾಡಿಗೆಗೆ ಹಿಡಿದ ಒಂದು ಹೆಂಚಿನ ಮನೆಯ ಹಜಾರದಲ್ಲಿ ಲ್ಯಾಬು ಶುರುವಾಯಿತು. ಕಬ್ಬಿಣ ಅಳೆಯುವವರಿಗೆ ಕಬ್ಬಿಣವೇ ಶತ್ರು ಎಂದು ಮೊದಲ ವಾರದಲ್ಲೇ ತಿಳಿಯಿತು. ಸೀರಂನಲ್ಲಿ ಇರುವುದು ಕಣ್ಣಿಗೆ ಕಾಣದಷ್ಟು. ಸುತ್ತ ಇರುವುದು ಕಂಡಲ್ಲೆಲ್ಲ. ಬಾವಿಯ ನೀರಿನಲ್ಲಿ ಕಬ್ಬಿಣ, ಕಿಟಕಿಯ ಸರಳಿನ ತುಕ್ಕಿನಲ್ಲಿ ಕಬ್ಬಿಣ, ಬೀದಿಯ ಕೆಮ್ಮಣ್ಣಿನ ಧೂಳಿನಲ್ಲಿ ಕಬ್ಬಿಣ. ಒಂದು ಚೂರು ಧೂಳು ಟ್ಯೂಬಿಗೆ ಬಿದ್ದರೆ ದಿನದ ಕೆಲಸ ಹಾಳು. ಗಾಜಿನ ಸಾಮಾನನ್ನೆಲ್ಲ ಆಸಿಡ್ಡಿನಲ್ಲಿ ನೆನೆಹಾಕಿ, ಭಟ್ಟಿ ಇಳಿಸಿದ ನೀರಿನಲ್ಲಿ ತೊಳೆದು, ಬಟ್ಟೆ ಮುಚ್ಚಿ ಒಣಗಿಸುತ್ತಿದ್ದೆ. ಕಿಟಕಿಗಳಿಗೆ ಅಮ್ಮನ ಹಳೆಯ ಸೀರೆ ಕಟ್ಟಿದೆ. ನನ್ನ ಕೈಬಳೆ ತೆಗೆದಿಟ್ಟೆ, ತಲೆಗೆ ಬಟ್ಟೆ ಕಟ್ಟಿಕೊಂಡೆ. ಬೀದಿಯವರು, "ಏನವ್ವಾ, ಒಳಗೆ ಪೂಜೆ ನಡೀತದಾ?" ಎಂದು ಕೇಳುತ್ತಿದ್ದರು.

ವಿಧಾನ ಹೇಳುವುದಕ್ಕೆ ಸುಲಭ. ಸೀರಂಗೆ ಬೇಕಾದ್ದಕ್ಕಿಂತ ಹೆಚ್ಚು ಕಬ್ಬಿಣ ಬೆರೆಸಿ, ಹೊರುವವರ ಹೆಗಲೆಲ್ಲ ತುಂಬುವ ಹಾಗೆ ಮಾಡುವುದು. ಉಳಿದ ಕಬ್ಬಿಣವನ್ನು ಮೆಗ್ನೀಸಿಯಂ ಕಾರ್ಬೋನೇಟ್ ಎಂಬ ಬಿಳಿ ಪುಡಿ ಹಾಕಿ ಎಳೆದುಬಿಡುವುದು. ಸೆಂಟ್ರಿಫ್ಯೂಜಿನಲ್ಲಿ ಗಿರ್ರೆಂದು ತಿರುಗಿಸಿ ಪುಡಿಯನ್ನು ತಳಕ್ಕಿಳಿಸಿ, ಮೇಲಿನ ತಿಳಿಯಲ್ಲಿರುವ ಕಬ್ಬಿಣಕ್ಕೆ ಬಣ್ಣ ಬರಿಸಿ ಅಳೆಯುವುದು. ಕಬ್ಬಿಣ ಇದ್ದಷ್ಟೂ ಗುಲಾಬಿ ಬಣ್ಣ ಗಾಢ. ಆದರೆ ಒಂದು ಬಾಟಲಿಯ ಪುಡಿ ಎಳೆದಷ್ಟು ಇನ್ನೊಂದು ಬಾಟಲಿಯದು ಎಳೆಯುತ್ತಿರಲಿಲ್ಲ. ಕರೆಂಟು ಏರಿಳಿದರೆ ಬಣ್ಣ ಅಳೆಯುವ ಯಂತ್ರದ ಮುಳ್ಳು ಕುಣಿಯುತ್ತಿತ್ತು. ಆಸ್ಪತ್ರೆಯಿಂದ ತಂದ ಪ್ರತಿ ಸೀರಂನಲ್ಲೂ ಅರ್ಧ ನನಗೆ, ಅರ್ಧ ಮೇಡಂ ಲ್ಯಾಬಿಗೆ. ತಿಂಗಳುಗಟ್ಟಲೆ ಎರಡೂ ಕಡೆಯ ಉತ್ತರಗಳು ಒಂದಕ್ಕೊಂದು ಮುಖ ತಿರುಗಿಸಿ ನಿಂತಿದ್ದವು. ಪುಡಿಯ ತೂಕ, ಕಲಕುವ ಹೊತ್ತು, ತಿರುಗಿಸುವ ವೇಗ, ಒಂದೊಂದನ್ನೇ ನಿಗದಿ ಮಾಡುತ್ತ ಬಂದ ಮೇಲೆ ಒಂದು ದಿನ ಎರಡೂ ಉತ್ತರಗಳು ಹೊಂದಿದವು. ಮೇಡಂ ಕಾರಿನಿಂದ ಇಳಿದವರೇ ನನ್ನ ಎರಡೂ ಕೈ ಹಿಡಿದುಕೊಂಡು, "ಮರಿ, ಇದು ನಿನ್ನದು," ಅಂದರು. ಆ ಮಾತು ಕೇಳಿ ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ.

ಇನ್ನು ಬೇಕಾದದ್ದು ಸೀರಂ. ಅದೂ ಶಕ್ತಿ ಹೆಚ್ಚಿರುವ ಸೀರಂ, ಅಂದರೆ ಕಬ್ಬಿಣದ ಕೊರತೆ ಇರುವವರದ್ದು. ಸುತ್ತಲ ಹಳ್ಳಿಗಳಲ್ಲಿ ಅದಕ್ಕೇನೂ ಬರವಿರಲಿಲ್ಲ. ಹೆಂಗಸರಿಂದ ರಕ್ತ ತೆಗೆಯುವುದು, ಕೊರತೆ ಇರುವವರಿಂದ ಬಿಟ್ಟು ಬಿಟ್ಟು ಮೂರು ಸಲ ತೆಗೆಯುವುದು ಎಂದು ಮೇಡಂ ಹೇಳಿದಾಗ ನಾನು ಒಂದೇ ಮಾತು ಕೇಳಿದೆ.

"ಅವರಿಗೆ ಮಾತ್ರೆ ಕೊಡೋಣವಾ ಮೇಡಂ? ಬರೀ ತೆಗೆದುಕೊಂಡು ಬರೋಕೆ ನನಗಾಗಲ್ಲ."

"ಖಂಡಿತ ಕೊಡೋಣ. ನಾನೇ ಕಳಿಸ್ತೀನಿ. ನೀನು ಕೇಳದಿದ್ದರೂ ಕಳಿಸುತ್ತಿದ್ದೆ," ಅಂದರು.

ಮುಂದಿನ ಸಲ ಕಾರಿನಲ್ಲಿ ದೊಡ್ಡ ಕಂದು ಬಾಟಲಿಗಳು ಬಂದವು. ಸಕ್ಕರೆ ಲೇಪದ, ಕಂದು ಬಣ್ಣದ ಗುಂಡು ಮಾತ್ರೆಗಳು.

ಮುಳ್ಳೂರಿನಲ್ಲಿ ನನಗೆ ಬಾಗಿಲು ತೆರೆದದ್ದು ಒಬ್ಬ ಹಿರಿಯ ಹೆಂಗಸು. ಲಿಂಗಾಯತರ ದೊಡ್ಡ ಮನೆ, ಗಂಡ ತೀರಿಕೊಂಡ ಮೇಲೆ ಗದ್ದೆ, ತೋಟ, ಆಳುಕಾಳು ಎಲ್ಲ ಅವರದೇ ದರ್ಬಾರು. ಊರಿನವರೆಲ್ಲ ಅವ್ವ ಎನ್ನುತ್ತಿದ್ದರು, ನಾನೂ ಹಾಗೇ ಅಂದೆ. ಮೊದಲ ದಿನ ಅವರ ಜಗುಲಿಯ ಮೇಲೆ ಸಿರಿಂಜು ತೆಗೆದಾಗ ನೆರೆದ ಹೆಂಗಸರೆಲ್ಲ ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿದರು.

"ರಕ್ತ ತಕಂಡು ಏನ್ ಮಾಡೀಯೆ?" ಅವ್ವ ಕೇಳಿದರು.

ನಾನು ಸಂತೆಗೆ ಹೋಗುವ ಗಾಡಿಗಳ ಲೆಕ್ಕ ಹೇಳಿದೆ. "ರಕ್ತದಲ್ಲಿ ಗಾಡಿಗಳವೆ ಅನ್ಕೊಳ್ಳಿ ಅವ್ವಾ. ಅವು ಕಬ್ಬಿಣ ಹೊರ್ತವೆ. ಕಬ್ಬಿಣ ಇಲ್ದೆ ಹೋದ್ರೆ ಗಾಡಿ ಜಾಸ್ತಿಯಾಯ್ತವೆ, ಎಲ್ಲಾ ಖಾಲಿ ನಿಂತಿರ್ತವೆ. ಎಷ್ಟು ಗಾಡಿ ಅವೆ ಅಂತ ನಾನು ಎಣಿಸ್ತೀನಿ."

"ಎಣಿಸ್ಬುಟ್ಟು?"

"ಕಮ್ಮಿ ಇರೋರಿಗೆ ಕಬ್ಬಿಣದ ಮಾತ್ರೆ ಕೊಡ್ತೀನಿ."

"ನಿನ್ ಕೈಯಾರೆ ಕೊಟ್ಟೀಯಾ?"

"ನಾನೇ ತಂದು ಕೊಡ್ತೀನಿ."

ಅವ್ವ ಸೆರಗು ಸರಿಸಿ ತಮ್ಮ ತೋಳನ್ನೇ ಮೊದಲು ಚಾಚಿದರು. "ನೋಡ್ರಮ್ಮಿ, ನಂಗೇನೂ ಆಗ್ನಿಲ್ಲ. ಬನ್ನಿ ಒಬ್ಬೊಬ್ರೇ," ಎಂದು ಕೂಗಿದರು. ಅವರ ಸೊಸೆ ಬಾಗಿಲ ಹಿಂದೆ ನಿಂತಿದ್ದಳು, ಮದುವೆಯಾಗಿ ಒಂದು ವರ್ಷವೂ ಆಗಿರಲಿಲ್ಲ. ಕೆಳರೆಪ್ಪೆ ಎಳೆದು ನೋಡಿದರೆ ಒಳಗೆ ಬಿಳಿ ಸುಣ್ಣ. ಅವಳ ಸೀರಂನಲ್ಲಿ ಕಬ್ಬಿಣ ಹಿಡಿಯುವ ಶಕ್ತಿ ನಾನು ಅಲ್ಲಿಯವರೆಗೆ ಅಳೆದದ್ದರಲ್ಲೆಲ್ಲ ಹೆಚ್ಚು ಬಂತು. ಮೇಡಂಗೆ ಹೇಳಿದಾಗ, "ಇವಳನ್ನು ಬಿಡಬೇಡ," ಅಂದರು. ನಾನು ಅದನ್ನು ಕಾಳಜಿಯ ಮಾತು ಎಂದುಕೊಂಡೆ.

ಮುಳ್ಳೂರು ಆಯಿತು, ಯಳಂದೂರಿನ ಹತ್ತಿರದ ಅಗರ ಆಯಿತು. ದೂರದ ಗೋಪಿನಾಥಂಗೂ ಹೋದೆ. ಹನೂರಿನಲ್ಲಿ ಬಸ್ಸು ಬದಲಿಸಿ, ಕಾಡಿನ ದಾರಿಯಲ್ಲಿ ಅರ್ಧ ದಿನ. ಅಲ್ಲಿ ತೆಗೆದ ರಕ್ತ ಕೊಳ್ಳೇಗಾಲ ಮುಟ್ಟುವುದರೊಳಗೆ ಕುಲುಕಿ ಒಡೆದು ಕೆಂಪಾಗಿಬಿಡುತ್ತಿತ್ತು, ಅಳತೆಗೆ ಬರುತ್ತಿರಲಿಲ್ಲ. ಹಾಗಾಗಿ ಅಲ್ಲೇ ಒಂದು ಮನೆಯ ಜಗುಲಿಯಲ್ಲಿ ಕೈಯಿಂದ ತಿರುಗಿಸುವ ಸೆಂಟ್ರಿಫ್ಯೂಜು ಕೂರಿಸಿ ಸೀರಂ ಬೇರ್ಪಡಿಸಿಕೊಂಡು ಬರುತ್ತಿದ್ದೆ. ಮೀನು ಹಿಡಿಯುವವರ ಮನೆಯ ಹೆಂಗಸರು ತಮಿಳಿನಲ್ಲಿ ಕೇಳಿದರು, ನಾನು ತಮಿಳಿನಲ್ಲೇ ಹೇಳಿದೆ. ನಮ್ಮ ಮಾತು ಆಡುವವಳು ಎಂದು ಅವರು ತೋಳು ಚಾಚಿದರು. ವಾರಕ್ಕೊಂದು ಊರಿನಂತೆ ಸುತ್ತಿ, ಕಾಗದದ ಪೊಟ್ಟಣದಲ್ಲಿ ಮಾತ್ರೆ ಕಟ್ಟಿಕೊಟ್ಟೆ. "ಕಬ್ಬಿಣದ ಮಾತ್ರೆ, ಊಟ ಆದ ಮೇಲೆ ತಿನ್ನಿ," ಎಂದು ಪ್ರತಿಯೊಬ್ಬರಿಗೂ ಹೇಳಿದೆ.

ಎರಡನೇ ಸಲದ ರಕ್ತ ತೆಗೆದು ಅಳೆದಾಗ ಉತ್ತರವನ್ನು ಎರಡೆರಡು ಸಲ ನೋಡಿದೆ. ಮಾತ್ರೆ ತಿಂದವರಲ್ಲಿ ಈ ಹೊತ್ತಿಗೆ ಶಕ್ತಿ ಇಳಿಯಬೇಕಿತ್ತು, ಖಾಲಿ ಗಾಡಿಗಳು ಕಮ್ಮಿಯಾಗಬೇಕಿತ್ತು. ಒಬ್ಬರಲ್ಲೂ ಇಳಿದಿರಲಿಲ್ಲ. ಮೊದಲಿನ ಸಲ ಬಂದದ್ದೇ ಬಂತು.

ಮೇಡಂಗೆ ಫೋನು ಮಾಡಲು ಪೋಸ್ಟಾಫೀಸಿಗೆ ಹೋದೆ. "ನನ್ನ ಅಳತೆಯಲ್ಲಿ ಏನೋ ತಪ್ಪಾಗ್ತಿದೆ ಮೇಡಂ," ಅಂದೆ.

ಎರಡನೇ ಸಲದ್ದು ಎಷ್ಟು ಜನರದ್ದಾಯಿತು ಎಂದು ಅವರು ಮೊದಲು ಕೇಳಿದರು. ಆಮೇಲೆ, "ಪುಡಿ ಇನ್ನೊಂದು ಸಲ ನೋಡು. ಬೇರೆ ಬಾಟಲಿ ಹಾಕಿ ಮಾಡು. ಹುಡುಕು ಮರಿ, ಸಿಗುತ್ತೆ," ಅಂದರು.

ನಾನು ಹುಡುಕಿದೆ. ಪುಡಿ ಬದಲಾಯಿಸಿದೆ. ನೀರನ್ನು ಎರಡೆರಡು ಸಲ ಭಟ್ಟಿ ಇಳಿಸಿದೆ. ಗಾಜನ್ನೆಲ್ಲ ಮತ್ತೆ ಆಸಿಡ್ಡಿಗೆ ಹಾಕಿದೆ, ಬೆರಳಿನ ತುದಿಯ ಚರ್ಮ ಸುಲಿಯಿತು. ಐಸಿನಲ್ಲಿಟ್ಟಿದ್ದ ಹಳೆಯ ಸೀರಂ ತೆಗೆದು ಅಳೆದರೆ ಹಳೆಯ ಉತ್ತರವೇ ಸರಿಯಾಗಿ ಬರುತ್ತಿತ್ತು. ಹೊಸದನ್ನು ಅಳೆದರೆ ಇಳಿಯಬೇಕಾದದ್ದು ಇಳಿದಿರುತ್ತಿರಲಿಲ್ಲ. ಊಟ ಸೇರಲಿಲ್ಲ. ಅಪ್ಪ, "ಕೆಲಸ ಕೈಗೆ ಹತ್ತದಿದ್ದರೆ ಒಂದು ದಿನ ಬಿಟ್ಟು ಕೂರು," ಅಂದರು. ಮೇಡಂ ನನ್ನ ಮೇಲಿಟ್ಟ ನಂಬಿಕೆಗೆ ನಾನು ಲಾಯಕ್ಕಿಲ್ಲ ಎಂದೇ ನನಗೆ ಅನ್ನಿಸತೊಡಗಿತ್ತು.

ಅಳತೆಯಲ್ಲಿ ತಪ್ಪಿಲ್ಲದಿದ್ದರೆ ಉಳಿದದ್ದು ಒಂದೇ: ಇವರು ಮಾತ್ರೆ ತಿನ್ನುತ್ತಿಲ್ಲ. ಮುಳ್ಳೂರಿನಲ್ಲಿ ಅವ್ವನಿಗೆ ಮೆಲ್ಲಗೆ ಕೇಳಿದೆ, "ಎಲ್ಲರೂ ತಿಂತಾವ್ರಾ ಅವ್ವಾ? ನಿಮ್ಮ ಸೊಸೆ?"

ಅವ್ವನ ಮುಖ ಗಟ್ಟಿಯಾಯಿತು. ಒಳಗೆ ತಿರುಗಿ, "ಬಾಮ್ಮಿ ಇಲ್ಲಿ," ಎಂದು ಸೊಸೆಯನ್ನು ಕರೆದರು. "ಮಾತ್ರೆ ನುಂಗ್ತಿದ್ದೀಯೋ, ತಿಪ್ಪೆಗೆ ಎಸೀತಿದ್ದೀಯೋ?"

"ದಿನಾ ತಿಂತೀನತ್ತೆ," ಅಂದಳು ಹುಡುಗಿ.

"ಅಂಗಾರೆ ಈ ಅಮ್ಮ ಸುಳ್ಳೇಳ್ತಾವ್ಳಾ? ನಾಳಿಂದ ನನ್ ಮುಂದೆ ನುಂಗ್ಬೇಕು. ಬಾಯ್ ತೆಗ್ದು ತೋರುಸ್ಬೇಕು."

ಹುಡುಗಿ ನನ್ನನ್ನೇ ನೋಡಿದಳು. ಅವಳಿಗೆ ಆಗ ತಿಂಗಳು ನಿಂತಿತ್ತೆಂದು ನನಗೆ ಗೊತ್ತಿರಲಿಲ್ಲ. ಆಮೇಲೆ ದಿನವೂ ಅತ್ತೆಯ ಮುಂದೆ ನಿಂತು, ಮಾತ್ರೆ ನುಂಗಿ, ಬಾಯಿ ತೆರೆದು ತೋರಿಸುತ್ತಿದ್ದಳಂತೆ.

ಮೂರನೇ ಸಲ ರಕ್ತ ತೆಗೆಯಲು ಕೊನೆಯದಾಗಿ ಅಗರಕ್ಕೆ ಹೋದಾಗ ಅಲ್ಲಿನ ಹೆಂಗಸರು ನನ್ನನ್ನು ಕೂರಿಸಿ ಮಜ್ಜಿಗೆ ಕೊಟ್ಟರು. ರಾಗಿ ಹಸನು ಮಾಡುತ್ತಿದ್ದ ಒಬ್ಬಾಕೆ ಖುಷಿಯಿಂದ ಹೇಳಿದಳು, "ನಿಮ್ ಮಾತ್ರೆ ಬಾಳ ವಾಸಿ ಕಣಮ್ಮ. ನಾನು ಬಸ್ರೀಲಿ ಆಸ್ಪತ್ರೆ ಕಬ್ಣದ ಮಾತ್ರೆ ತಿಂದಿದ್ದೆ, ಒಟ್ಟೆ ಉರ್ದೋಯ್ತಿತ್ತು, ಕೆರೆ ಕಡೀಕ್ ಓದ್ರೆ ಕರ್ರಗೆ. ನಿಮ್ದು ಏನೂ ಮಾಡಾಕಿಲ್ಲ. ಬೆಲ್ಲ ತಿಂದಂಗದೆ."

ಉಳಿದವರು ನಕ್ಕರು, ನಾನೂ ನಕ್ಕೆ. ಯಳಂದೂರಿನಿಂದ ಬಂದ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತ ಮೇಲೆ ಆ ಮಾತು ಕಿವಿಯಲ್ಲಿ ತಿರುಗತೊಡಗಿತು. ಏನೂ ಮಾಡುವುದಿಲ್ಲ. ಒಬ್ಬರಿಗೂ ಏನೂ ಮಾಡಿಲ್ಲ. ಹೊಟ್ಟೆನೋವು ಎಂದವರಿಲ್ಲ, ಬೇಡ ಎಂದವರಿಲ್ಲ. ಮಡಿಲಲ್ಲಿದ್ದ ಸೀರಂ ಪೆಟ್ಟಿಗೆಯನ್ನು ಬಿಗಿಯಾಗಿ ಹಿಡಿದುಕೊಂಡೆ. ಛೇ, ಎಂಥ ಯೋಚನೆ ಎಂದು ನನ್ನನ್ನೇ ಬೈದುಕೊಂಡೆ.

ಮರುದಿನ ಬೆಳಿಗ್ಗೆ ಲ್ಯಾಬಿನ ಬಾಗಿಲು ತೆಗೆದು, ಕಂದು ಬಾಟಲಿಯಿಂದ ಒಂದು ಮಾತ್ರೆ ತೆಗೆದು ಅರೆದೆ. ಆಸಿಡ್ಡಿನಲ್ಲಿ ಕುದಿಸಿ ಕರಗಿಸಿ ಸೋಸಿದೆ. ಸೀರಂಗೆ ಹಾಕುವ ಬಣ್ಣದ ದ್ರಾವಣವನ್ನೇ ಹಾಕಿದೆ. ಕಬ್ಬಿಣದ ಮಾತ್ರೆಯಾಗಿದ್ದರೆ ಟ್ಯೂಬು ರಕ್ತದ ಹಾಗೆ ಕೆಂಪಾಗಬೇಕು, ಅಳೆಯುವ ಯಂತ್ರವೇ ಬೇಡ. ಟ್ಯೂಬು ತಿಳಿಯಾಗಿತ್ತು. ಅಲ್ಲಾಡಿಸಿದೆ, ಕಾದೆ. ತಿಳಿಯಾಗೇ ಇತ್ತು. ದ್ರಾವಣ ಕೆಟ್ಟಿರಬೇಕೆಂದು ಒಂದು ಹನಿ ಕಬ್ಬಿಣದ ನೀರಿಗೆ ಅದನ್ನು ಹಾಕಿ ನೋಡಿದೆ; ಗುಲಾಬಿ ಬಣ್ಣ ಫಕ್ಕನೆ ಬಂತು. ಎರಡನೇ ಬಾಟಲಿಯ ಮಾತ್ರೆ ತೆಗೆದೆ. ತಿಳಿ. ಕೊನೆಯ ಬಾಟಲಿಯದು. ತಿಳಿ. ಸ್ಟೂಲಿನ ಮೇಲೆ ಕೂತುಬಿಟ್ಟೆ.

ಆಗಲೂ ನನಗೆ ತೋಚಿದ್ದು, ಯಾರೋ ಮೇಡಂಗೆ ಮೋಸ ಮಾಡಿದ್ದಾರೆ ಎಂದು. ಮಾತ್ರೆ ಮಾಡಿದವರು ಮೋಸ ಮಾಡಿದ್ದಾರೆ, ಮೇಡಂಗೆ ಇದನ್ನು ಹೇಗೆ ಹೇಳಲಿ, ಎಷ್ಟು ನೊಂದುಕೊಳ್ಳುತ್ತಾರೋ ಎಂದು.

ಅದರ ಮರುದಿನ ಸೀರಂ ಒಯ್ಯಲು ಮೇಡಂ ಬಂದರು. ಅವರು ಕೂರುವವರೆಗೂ ನನಗೆ ತಡೆಯಲಾಗಲಿಲ್ಲ.

"ಮೇಡಂ, ಆ ಮಾತ್ರೆಯಲ್ಲಿ ಕಬ್ಬಿಣ ಇಲ್ಲ."

ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಮತ್ತೆ ಹಾಕಿಕೊಂಡು ಕೇಳಿದರು, "ಮೂರನೇ ಸಲದ ರಕ್ತ ಎಲ್ಲರದೂ ತೆಗೆದಾಯಿತಾ?"

ನಾನು ಆ ತಿಳಿಯಾದ ಟ್ಯೂಬನ್ನು ಅವರ ಮುಂದಿಟ್ಟೆ.

"ಕೂತ್ಕೋ," ಅಂದರು. ಪಾಠ ಹೇಳುವಾಗಿನ ಅದೇ ಮೆತ್ತಗಿನ ದನಿ. "ವಿಧಾನ ಸರಿಯಿದೆ ಅಂತ ತೋರಿಸಬೇಕಾದರೆ ಒಬ್ಬರದೇ ಸೀರಂ ತಿಂಗಳು ಬಿಟ್ಟು ತೆಗೆದರೂ ಅದೇ ಉತ್ತರ ಬರಬೇಕು. ನಿಜವಾದ ಮಾತ್ರೆ ಕೊಟ್ಟರೆ ಶಕ್ತಿ ಇಳಿದುಬಿಡುತ್ತೆ. ಇಷ್ಟು ಹೆಚ್ಚಿನ ಶಕ್ತಿಯ ಸೀರಂ ಬೇರೆಲ್ಲಿ ಸಿಗುತ್ತೆ ನನಗೆ? ನಾಳೆ ಇದನ್ನು ಎಲ್ಲ ಲ್ಯಾಬಿಗೂ ಕಳಿಸಬೇಕು."

"ಹಾಗಾದರೆ ಮಾತ್ರೆ ಯಾಕೆ ಕೊಟ್ಟಿರಿ?"

"ಏನೂ ಕೊಡದಿದ್ದರೆ ಅವರು ಎರಡನೇ ಸಲ ಕೈ ಚಾಚುತ್ತಿದ್ದರಾ? ನೀನು ತಾನೇ ಹೋಗುತ್ತಿದ್ದೆಯಾ?"

"ಕಬ್ಬಿಣದ ಮಾತ್ರೆ ಅಂತ ಬಾಯಿಬಿಟ್ಟು ಹೇಳಿದ್ದು ನಾನು ಮೇಡಂ."

"ನಿನಗೆ ಗೊತ್ತಿರಲಿಲ್ಲವಲ್ಲ. ಗೊತ್ತಿದ್ದಿದ್ದರೆ ನಿನ್ನ ಮುಖದಲ್ಲೇ ತಿಳಿದುಬಿಡುತ್ತಿತ್ತು. ನಿನಗೆ ಹೇಳದೇ ಇದ್ದದ್ದು ಅದಕ್ಕೇ. ಕೆಲವು ತಿಂಗಳು ತಡವಾದರೆ ಯಾರಿಗೂ ಏನೂ ಆಗಲ್ಲ. ಕೆಲಸ ಮುಗಿದ ಮೇಲೆ ಒಳ್ಳೆ ಮಾತ್ರೆ ಕಳಿಸೋಣ."

"ನಾನು ತಪ್ಪು ಹುಡುಕಿ ಹುಡುಕಿ ಸಾಯ್ತಿದ್ದೆ. ಪುಡಿ ನೋಡು ಅಂದಿರಿ."

"ಹುಡುಕಿದ್ದರಿಂದ ಒಳ್ಳೆಯದೇ ಆಯಿತು. ಪುಡಿಯ ವಿಷಯ ಈಗ ನಮ್ಮಷ್ಟು ತಿಳಿದವರು ಯಾರೂ ಇಲ್ಲ."

ಆಗ ನಾನು ಕೇಳಬಾರದ ಪ್ರಶ್ನೆ ಕೇಳಿದೆ. "ಈ ಕೆಲಸಕ್ಕೆ ನನ್ನನ್ನು ಯಾಕೆ ಕರೆದಿರಿ?"

ಮೇಡಂ ಸುಳ್ಳು ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು. "ಅಳೆಯುವವರು ನನ್ನ ಲ್ಯಾಬಿನಲ್ಲೇ ಬೇಕಾದಷ್ಟು ಜನ ಇದ್ದಾರೆ. ಆ ಹೆಂಗಸರು ಯಾರನ್ನು ನಂಬುತ್ತಾರೆ ಅನ್ನುವುದು ಮುಖ್ಯವಾಗಿತ್ತು. ನೀನು ಈ ಊರಿನವಳು, ಅವರ ಮಾತು ನಿನಗೆ ಬರುತ್ತೆ," ಅಂದರು. ಸ್ವಲ್ಪ ತಡೆದು, "ಅಳೆಯೋದೂ ಚೆನ್ನಾಗೇ ಅಳೆದೆ," ಎಂದು ಸೇರಿಸಿದರು.

ನಮ್ಮ ಮನೆಯ ಚಾಪೆಯ ಮೇಲೆ ಕೂತು ಅಪ್ಪನನ್ನು ಕೇಳಿಕೊಂಡ ಹೆಂಗಸೇ ಇವರು ಎಂದು ಅವರ ಮುಖ ನೋಡುತ್ತ ನಿಂತೆ. ಅಂದು ಕೇಳಿದ್ದಾದರೂ ನಿಜವೇ ಎಂಬ ಅನುಮಾನ ಆ ಗಳಿಗೆಯಲ್ಲಿ ಹುಟ್ಟಿತು, ಹಿಂದಿನದ್ದನ್ನೆಲ್ಲ ಮುಟ್ಟಿಕೊಂಡು ಹೋಯಿತು. ಜ್ವರದಲ್ಲಿ ಕುಡಿಸಿದ ಗಂಜಿಯನ್ನೂ ಬಿಡಲಿಲ್ಲ.

ಐಸ್ ಪೆಟ್ಟಿಗೆಯನ್ನು ಅವರ ಡ್ರೈವರು ಎತ್ತಿ ಕಾರಿನಲ್ಲಿಟ್ಟ. ತಡೆಯಲು ಕೈ ಮುಂದೆ ಹೋಯಿತು, ಮತ್ತೆ ಹಿಂದೆ ಬಂತು. ಚೆಲ್ಲಿದರೆ ಚೆಲ್ಲಿದಂತಾಗುವುದು ಆ ಹೆಂಗಸರ ರಕ್ತವೇ. ಲ್ಯಾಬಿನ ಬೀಗದ ಕೈಯನ್ನು ಮೇಡಂ ಕೈಗಿಟ್ಟು ಮನೆಗೆ ನಡೆದೆ.

ಮುಳ್ಳೂರಿಗೆ ಹೋಗಿ ನಿಜ ಹೇಳಬೇಕೆಂದು ತೀರ್ಮಾನಿಸಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಲ್ಲಿಗೆ ಬರುತ್ತಿದ್ದ ಹೆರಿಗೆ ನರ್ಸು ನನಗೆ ಪರಿಚಯದವರು. ಅವರನ್ನು ಕಂಡು ನಿಜವಾದ ಕಬ್ಬಿಣದ ಮಾತ್ರೆ ಕೇಳಿ ತೆಗೆದುಕೊಂಡೆ, ಚೀಲದಲ್ಲಿಟ್ಟುಕೊಂಡು ಹೋದೆ. ಜಗುಲಿಯ ಮೇಲೆ ಅವ್ವ ಹುಣಿಸೆಹಣ್ಣು ಬಿಡಿಸುತ್ತಿದ್ದರು. ಸೊಸೆಯ ಹೊಟ್ಟೆ ಆಗಲೇ ಸ್ವಲ್ಪ ಕಾಣುತ್ತಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವ್ವ ಮಧ್ಯೆ ಬಾಯಿ ಹಾಕದೆ ಕೇಳಿದರು.

"ಅಂಗಾರೆ ಇಷ್ಟ್ ದಿನ ನಾವು ತಿಂದಿದ್ದು?"

"ಸಕ್ಕರೆ, ಸೀಮೆಸುಣ್ಣ. ಅಂಥದ್ದು ಏನೋ ಅವ್ವಾ."

"ಗೊತ್ತಿದ್ದೂ ಕೊಟ್ಯಾ?"

"ಇಲ್ಲ. ದೇವರಾಣೆ ಗೊತ್ತಿರಲಿಲ್ಲ."

ಅವ್ವ ಸೊಸೆಯ ಕಡೆ ನೋಡಿದರು. "ಈ ಎಣ್ಣು ದಿನಾ ನನ್ ಮುಂದೆ ನಿಂತ್ಕಂಡು ಬಾಯ್ ತೆಗ್ದು ತೋರುಸ್ತಿತ್ತು. ಕಳ್ಳೀನ ಇಡಿದಂಗೆ ಇಡ್ದಿದ್ದೆ. ನಿನ್ ಮಾತ್ ಕಟ್ಕಂಡು ನಾನು ನನ್ ಸೊಸೇನ ನಂಬ್ನಿಲ್ಲ," ಅಂದರು.

ನಾನು ಚೀಲದಿಂದ ಮಾತ್ರೆ ತೆಗೆದೆ. "ಇದು ನಿಜವಾದ್ದು ಅವ್ವಾ. ಆಸ್ಪತ್ರೆಯದ್ದು, ನಾನೇ ಕೇಳಿ ತಂದಿದ್ದೀನಿ. ಬಸುರಿಗೆ ಈಗ ಬೇಕೇ ಬೇಕು."

"ಮಡಿಕೋ ನಿನ್ ಚೀಲ್ದಾಗೆ."

"ಅವ್ವಾ..."

"ಮೊದ್ಲೂ ಇಂಗೇ ಅಂದಿದ್ದೆ. ಕೈಯಾರೆ ಕೊಡ್ತೀನಿ ಅಂದಿದ್ದೆ. ಆವಮ್ಮ ಯಾರೋ ನಂಗೊತ್ತಿಲ್ಲ, ನಾನು ಕಂಡಿದ್ದು ನಿನ್ನ. ಈ ಮನೇಲಿ ನಿನ್ ಕೈನ ಮಾತ್ರೆ ಇನ್ ಯಾರೂ ತಿನ್ನಾಕಿಲ್ಲ. ಎದ್ದೋಗು ತಾಯಿ."

ಸುಳ್ಳು ಮಾತ್ರೆಯನ್ನು ನಗುನಗುತ್ತ ತೆಗೆದುಕೊಂಡವರು ನಿಜವಾದದ್ದನ್ನು ಮುಟ್ಟಲಿಲ್ಲ. ಮಾತ್ರೆಯನ್ನು ಮತ್ತೆ ಚೀಲಕ್ಕೆ ತುಂಬಿಕೊಂಡೆ. ಬಸ್ಸಿಗೂ ಕಾಯದೆ ಬಿಸಿಲಿನಲ್ಲಿ ಕೊಳ್ಳೇಗಾಲದ ದಾರಿ ಹಿಡಿದೆ.

ಹೆರಿಗೆ ನರ್ಸಿನ ಮನೆಗೆ ಹೋಗಿ ಮಾತ್ರೆಯನ್ನು ವಾಪಸು ಅವರ ಕೈಗಿಟ್ಟೆ. "ನೀವು ಕೊಡಿ. ನಾನು ಕಳಿಸಿದ್ದೆಂದು ಹೇಳಬೇಡಿ," ಅಂದೆ. ಅವರು ಮುಳ್ಳೂರಿಗೆ ಹೋದಾಗ ಅವ್ವ ಪೊಟ್ಟಣವನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ಆ ನೇಕಾರರ ಉಡುಗಿ ಕೊಟ್ಟಿದ್ದಲ್ವಾ?" ಎಂದು ಕೇಳಿದರಂತೆ. ನರ್ಸು ಅಲ್ಲ ಎಂದರಂತೆ. ಹಾಗೆ ಒಂದು ಸುಳ್ಳಿನ ಬೆನ್ನ ಮೇಲೆ ಕೂತು ನಿಜವಾದ ಕಬ್ಬಿಣ ಆ ಮನೆಗೆ ಹೋಯಿತು. ಅಗರದಲ್ಲಿ ಅಷ್ಟು ಕಷ್ಟವಾಗಲಿಲ್ಲ. ಅಲ್ಲಿನವರು ಬೈದು, ಬೈಯುತ್ತಲೇ ಮಾತ್ರೆ ತೆಗೆದುಕೊಂಡರು. ಗೋಪಿನಾಥಂಗೆ ಹೋಗುವ ಹೊತ್ತಿಗೆ ಸುದ್ದಿ ನನಗಿಂತ ಮುಂಚೆ ಹನೂರು ದಾಟಿ ಹೋಗಿತ್ತು. ಬಸ್ಸಿಳಿದಾಗ ಟೀ ಅಂಗಡಿಯವನು ತಮಿಳಿನಲ್ಲಿ, "ವೀಟ್ಟುಲ ಯಾರುಮ್ ಇಲ್ಲ, ಪೋಯಿಡುಂಗಮ್ಮಾ," ಅಂದ. ಮನೆಗಳಲ್ಲಿ ಯಾರೂ ಇಲ್ಲ, ಹೊರಟುಬಿಡಿ ಎಂದು. ಅವನ ಹಿಂದಿನ ಮನೆಗಳಲ್ಲಿ ಒಲೆಯ ಹೊಗೆ ಏಳುತ್ತಿತ್ತು. ಮಾತ್ರೆಯ ಚೀಲವನ್ನು ಅವನ ಬೆಂಚಿನ ಮೇಲಿಟ್ಟು, ಹೇಗೆ ತಿನ್ನಬೇಕೆಂದು ಹೇಳಿ, ಅದೇ ಬಸ್ಸಿಗೆ ತಿರುಗಿ ಹತ್ತಿದೆ. ಆ ಚೀಲ ಏನಾಯಿತೋ ನನಗೆ ಇಂದಿಗೂ ಗೊತ್ತಿಲ್ಲ.

ಮುಳ್ಳೂರಿನ ಸೊಸೆಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ತುಂಬ ರಕ್ತ ಹೋಯಿತಂತೆ, ಗಾಡಿಯಲ್ಲಿ ಮಲಗಿಸಿ ಆಸ್ಪತ್ರೆಗೆ ತಂದರು. ಬದುಕಿಕೊಂಡಳು. ಮಗು ಅಂಗೈಯಷ್ಟಿತ್ತು, ಅದೂ ಬದುಕಿತು, ಆದರೆ ಬಹಳ ದಿನ ಅಳುವುದಕ್ಕೂ ತ್ರಾಣವಿರಲಿಲ್ಲವೆಂದು ನರ್ಸು ಹೇಳಿದರು. ಮೊದಲಿನಿಂದ ನಿಜವಾದ ಮಾತ್ರೆ ತಿಂದಿದ್ದರೆ ಹೀಗಾಗುತ್ತಿತ್ತೋ ಇಲ್ಲವೋ ಯಾರೂ ಹೇಳಲಾರರು. ಆಸ್ಪತ್ರೆಯ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದೆ, ಒಳಗೆ ಹೋಗಲಿಲ್ಲ. ಅವ್ವ ಎರಡು ಸಲ ನನ್ನ ಮುಂದೆಯೇ ದಾಟಿಹೋದರು.

ಮೇಡಂ ಮಾಡಿದ ವಿಧಾನ ಗೆದ್ದಿತು. ಮುಳ್ಳೂರಿನ, ಅಗರದ ಸೀರಂ ಹೋದ ಲ್ಯಾಬಿನಲ್ಲೆಲ್ಲ ಒಂದೇ ಉತ್ತರ ಬಂತೆಂದು ತಿಳಿಯಿತು. ಅದು ಸರಿಯಾದ ವಿಧಾನವೇ. ಆಮೇಲೆ ನಾನು ಊರಿನದೇ ಒಂದು ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದಾಗ, ಬಿಳಿಚಿಕೊಂಡ ಹೆಂಗಸರು ಬಂದರೆ ನಾನೂ ಅದೇ ವಿಧಾನದಿಂದ ಅಳೆದೆ. ಅದಕ್ಕಿಂತ ಒಳ್ಳೆಯದು ನನಗೆ ಗೊತ್ತಿರಲಿಲ್ಲ. ಎಷ್ಟೋ ಜನಕ್ಕೆ ಅದರಿಂದ ಸರಿಯಾದ ಔಷಧ ಸಿಕ್ಕಿತು. ಇದನ್ನು ಬರೆಯುವಾಗಲೂ ನನಗೆ ನೋವಾಗುತ್ತದೆ; ಆ ವಿಧಾನ ಕೆಟ್ಟದ್ದಾಗಿದ್ದರೆ ಮೇಡಂ ಮೇಲೆ ಸಿಟ್ಟು ಮಾಡಿಕೊಂಡಿರುವುದು ಎಷ್ಟೋ ಸುಲಭವಾಗುತ್ತಿತ್ತು.

ಕೆಲವು ವರ್ಷಗಳ ನಂತರ ಅಪ್ಪ ತೀರಿಕೊಂಡರು. ಹೇಗೋ ಸುದ್ದಿ ತಿಳಿದು ಮೇಡಂ ಬಂದರು. ಕೂದಲೆಲ್ಲ ಬೆಳ್ಳಗಾಗಿತ್ತು, ಕಾರಿರಲಿಲ್ಲ, ಬಸ್ಸಿನಲ್ಲಿ ಬಂದಿದ್ದರು. ನಡೆದದ್ದನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅಮ್ಮ ಅವರ ಕೈ ಹಿಡಿದುಕೊಂಡು, "ನಿಮ್ಮಿಂದ ನನ್ ಮಗಳು ಒಂದು ಜೀವನ ಕಂಡ್ಲು ತಾಯಿ. ಅವ್ರು ಕೊನೇವರ್ಗೂ ನಿಮ್ಮನ್ನ ನೆನೀತಿದ್ರು," ಎಂದು ಅತ್ತರು. ಮೇಡಂ ತಲೆ ತಗ್ಗಿಸಿ ಕೇಳಿದರು.

ಅಮ್ಮ ಒಳಗೆ ಹೋದ ಮೇಲೆ ಇಬ್ಬರೇ ಉಳಿದೆವು. ಮೇಡಂ ತಮ್ಮ ಲ್ಯಾಬಿಗೆ ಬಂದ ಹೊಸ ಯಂತ್ರದ ವಿಷಯ ತೆಗೆದರು. ಕರೆಂಟು ಏರಿಳಿದರೂ ಅದರ ಮುಳ್ಳು ಅಲುಗುವುದಿಲ್ಲವಂತೆ. ನಾನು ಅದು ಹೇಗೆ ಎಂದು ಕೇಳಿದೆ. ಅವರು ಬೆರಳಿನಿಂದ ಚಾಪೆಯ ಮೇಲೆ ಗೆರೆ ಎಳೆದು ತೋರಿಸಿದರು. ನಾನು ಇನ್ನೊಂದು ಕೇಳಿದೆ, ಅವರ ಕಣ್ಣು ಮೊದಲಿನ ಹಾಗೇ ಹೊಳೆಯಿತು. ಎಷ್ಟೋ ಹೊತ್ತು ಮಾತಾಡಿದೆವು. ನನಗೆ ಸಂತೋಷವಾಗುತ್ತಿದೆ ಎಂದು ಗೊತ್ತಾದಾಗ ನನ್ನ ಮೈ ಉರಿಯಿತು. ಇಷ್ಟೆಲ್ಲ ಆದ ಮೇಲೂ ಇವರೊಡನೆ ಮಾತಾಡುವಷ್ಟು ಇಷ್ಟ ನನಗೆ ಇನ್ನಾರೊಡನೆಯೂ ಇರಲಿಲ್ಲ.

ಅಮ್ಮ ಒಳಗಿನಿಂದ, "ಎಲೆ ಹಾಕ್ತೀನಿ, ಊಟ ಮಾಡ್ಕೊಂಡೇ ಹೋಗ್ಬೇಕು," ಎಂದು ಕೂಗಿದರು.

"ಬೇಡಮ್ಮ. ಮೇಡಂಗೆ ಬಸ್ಸಿಗೆ ಹೊತ್ತಾಯ್ತು," ಅಂದೆ.

ಬಸ್ಸು ಹೊರಡುವುದು ಸಂಜೆಗೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಮೇಡಂ ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಎದ್ದು, ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ಬಿಸಿಲಿಗೆ ಇಳಿದರು. ನಾನು ಬಾಗಿಲವರೆಗೂ ಹೋಗಲಿಲ್ಲ.